ಆ್ಯಪ್ ತೋರಿಸುವ 7 ಮಿ.ಮೀ. ನೀರನ್ನು ಟೊಮೆಟೊಗೆ ಹಾಗೇ ಕೊಡಬಹುದೇ?

ಪ್ರಶ್ನೆ: ಸರ್, ತಾರಸಿ ಮೇಲೆ ಪುಟ್ಟ ಹವಾಮಾನ ಕೇಂದ್ರ ಕೂರಿಸಿದ್ದೇನೆ. ತಾಪಮಾನ, ತೇವಾಂಶ, ಗಾಳಿ, ಬಿಸಿಲು, ಮಳೆ ಎಲ್ಲವನ್ನೂ ಅಳೆಯುತ್ತದೆ. ಅದರ ಆ್ಯಪ್ ದಿನದ ಇಟಿ (ಮಣ್ಣಿನಿಂದಲೂ ಎಲೆಗಳಿಂದಲೂ ಆವಿಯಾಗಿ ಹೋಗುವ ನೀರು) 7 ಮಿ.ಮೀ. ಎನ್ನುತ್ತಿದೆ. 20 ಚದರ ಮೀಟರ್ ಟೊಮೆಟೊ ಮಡಿಗೆ ಡ್ರಿಪ್ ಇದೆ. ಎಷ್ಟು ನೀರು ಬಿಡಲಿ?

ಉತ್ತರ: ಮೊದಲು ಆ 7 ಅನ್ನೇ ಅನುಮಾನಿಸಿ. ಹವಾಮಾನದ ಅಳತೆಗಳಿಂದ ಇಟಿ ಲೆಕ್ಕ ಹಾಕುವ ಪೆನ್‌ಮನ್-ಮಾಂಟೀತ್ ಸೂತ್ರಕ್ಕೆ ಬೇಕಿರುವುದು ಹುಲ್ಲಿನ ಬಯಲಲ್ಲಿ, ನೆಲದಿಂದ 2 ಮೀಟರ್ ಎತ್ತರದಲ್ಲಿ ಬೀಸುವ ಗಾಳಿ. ಬಯಲಲ್ಲೇ 10 ಮೀಟರ್ ಕಂಬದ ಮೇಲೆ ಅಳೆದಿದ್ದರೆ 0.75ರಿಂದ ಗುಣಿಸಿದರೆ ಸಾಕು. ತಾರಸಿಯಲ್ಲಿ ಆ ಲೆಕ್ಕವೂ ನಡೆಯದು, ಗೋಡೆಗೆ ಬಡಿದ ಗಾಳಿ ಅಂಚಿನಲ್ಲಿ ಸುತ್ತಿಕೊಂಡು ಏಳುತ್ತದೆ. ಜೊತೆಗೆ ಕಾದ ಕಾಂಕ್ರೀಟು ತಾಪಮಾನವನ್ನು ಏರಿಸುತ್ತದೆ, ತೇವಾಂಶ ಕಡಿಮೆ ತೋರುತ್ತದೆ. ಮೂರೂ ಸೇರಿ ಇಟಿ ಹಿಗ್ಗುತ್ತದೆ. ಕೇಂದ್ರವನ್ನು ತೋಟದ ಬಯಲಿಗೆ ಇಳಿಸಿ. ತಾಪಮಾನದ ಸೆನ್ಸರ್‌ಗೆ ಗಾಳಿಯಾಡುವ ಬಿಳಿ ಕವಚ ಇರಲಿ, ಬಿಸಿಲಿನ ಸೆನ್ಸರ್ ಮೇಲೆ ಮರದ ನೆರಳು ಬೀಳದಿರಲಿ, ಅದರ ಗಾಜಿನ ಧೂಳು ಆಗಾಗ ಒರೆಸಿ. ಸೂತ್ರ ಎಷ್ಟೇ ಒಳ್ಳೆಯದಿರಲಿ, ಜಾಗ ಸರಿಯಿಲ್ಲದಿದ್ದರೆ ಉಪಯೋಗವಿಲ್ಲ.

ಈಗ ಲೆಕ್ಕ. ಬರುವ ಅಂಕಿ ಹುಲ್ಲಿನದು, ಟೊಮೆಟೊದ್ದಲ್ಲ. ಅದನ್ನು ಬೆಳೆ ಗುಣಾಂಕದಿಂದ, ಅಂದರೆ ಹುಲ್ಲಿಗೆ ಹೋಲಿಸಿದರೆ ಆ ಬೆಳೆ ಎಷ್ಟು ಪಟ್ಟು ನೀರು ಬಳಸುತ್ತದೆ ಎಂಬ ಅಂಕಿಯಿಂದ, ಗುಣಿಸಬೇಕು. ಟೊಮೆಟೊಗೆ ಎಳೆಯ ಹಂತದಲ್ಲಿ ಸುಮಾರು 0.6, ಕಾಯಿ ತುಂಬುವಾಗ 1.15. ಜಾಗ ಬದಲಿಸಿದ ಮೇಲೆ 5 ಮಿ.ಮೀ. ಬಂತೆನ್ನಿ. 5 × 1.15 = 5.75. ಒಂದು ಮಿ.ಮೀ. ಎಂದರೆ ಚದರ ಮೀಟರಿಗೆ ಒಂದು ಲೀಟರ್, ಹಾಗಾಗಿ ನಿಮ್ಮ ಮಡಿಗೆ 115 ಲೀಟರ್. ಡ್ರಿಪ್‌ನ ದಕ್ಷತೆ ಶೇ. 90 ಎಂದಿಟ್ಟುಕೊಂಡರೆ 128 ಲೀಟರ್ ಬಿಡಿ. ಮಳೆ ಬಂದಿದ್ದರೆ ಬೇರಿಗೆ ಇಳಿದಷ್ಟನ್ನು ಕಳೆಯಿರಿ. ಹರಿದುಹೋದದ್ದು ಲೆಕ್ಕಕ್ಕಿಲ್ಲ.

ಪ್ರಶ್ನೆ: ಬಿಸಿಲಿನ ಸೆನ್ಸರ್ ನಡುನಡುವೆ ಸೊನ್ನೆ ತೋರಿಸುತ್ತಿದೆ ಸರ್. ಹೊಸದು ಬರುವ ತನಕ ಏನು ಮಾಡಲಿ?

ಉತ್ತರ: ಆ ದಿನಗಳ ಇಟಿಯನ್ನು ಬಿಟ್ಟುಬಿಡಿ, ಅಂಕಿ ಸುಳ್ಳೇ ಕಡಿಮೆ ಬರುತ್ತದೆ, ಗಿಡ ಬಾಯಾರುತ್ತದೆ. ಬಿಸಿಲಿನ ಸೆನ್ಸರ್ ಇಲ್ಲದೆಯೂ ಇಟಿ ಲೆಕ್ಕ ಹಾಕುವ ಹಾರ್ಗ್ರೀವ್ಸ್ ಸೂತ್ರ ಹಿಡಿಯಿರಿ. ಅದಕ್ಕೆ ದಿನದ ಗರಿಷ್ಠ, ಕನಿಷ್ಠ ತಾಪಮಾನ, ಜೊತೆಗೆ ನಿಮ್ಮ ಅಕ್ಷಾಂಶಕ್ಕೂ ತಾರೀಖಿಗೂ ತಕ್ಕ, ವಾತಾವರಣದ ಹೊರಗಿನ ಸೌರವಿಕಿರಣದ ಕೋಷ್ಟಕ ಇದ್ದರೆ ಸಾಕು. ಒಂದೊಂದು ದಿನದ ಅಂಕಿ ಏರುಪೇರಾಗುತ್ತದೆ, ವಾರದ ಮೊತ್ತವನ್ನು ನಂಬಿ. ನೀರು ಬಿಟ್ಟ ಮರುದಿನ ಬೇರಿನ ಆಳದ ಮಣ್ಣು ತೆಗೆದು ಮುಷ್ಟಿಯಲ್ಲಿ ಹಿಸುಕಿ ನೋಡಿ. ಬೆರಳ ಸಂದಿಯಲ್ಲಿ ನೀರು ಜಿನುಗಿದರೆ ಹೆಚ್ಚಾಗಿದೆ, ಉಂಡೆ ಕಟ್ಟದೆ ಉದುರಿದರೆ ಸಾಲದು.