ಟೆಂಪೋಗೆ ‘ಗತಿ’ ಅನ್ನಬಹುದೇ? ಟೈಮ್ ಸಿಗ್ನೇಚರ್‌ಗೆ ‘ತಾಳ’ ಸಾಕೇ?

ಗೆಳೆಯರಿಗೆ ನಮಸ್ಕಾರ.

ಮ್ಯೂಸಿಕ್ ಸೀಕ್ವೆನ್ಸರ್ (ಸ್ವರಗಳನ್ನು ಸಾಲಾಗಿ ಜೋಡಿಸಿ ನುಡಿಸುವ ತಂತ್ರಾಂಶ) ಒಂದರ ಸಹಾಯ ಪುಟಗಳನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಹಾಡಿನ ನಡುವೆ ಟೆಂಪೋ (ಹಾಡು ಓಡುವ ವೇಗ) ಬದಲಿಸುವುದು, ಟೈಮ್ ಸಿಗ್ನೇಚರ್ (ಹಾಡಿನ ಒಂದು ತುಂಡಿನಲ್ಲಿ, ಅಂದರೆ ಬಾರ್‌ನಲ್ಲಿ, ಎಷ್ಟು ನೋಟ್, ಯಾವ ಉದ್ದದ ನೋಟ್ ಎಂದು ಹೇಳುವ ಅಂಕಿಜೋಡಿ) 4/4ರಿಂದ 7/8ಕ್ಕೆ ಹೋಗುವುದು, ಇವುಗಳ ವಿವರಣೆಗೆ ಬಂದಾಗ ಪದಗಳು ಒಂದಕ್ಕೊಂದು ತೊಡರಿಕೊಳ್ಳುತ್ತಿವೆ. ಸಂಗೀತ ಬಲ್ಲವರೂ ನುಡಿ ಬಲ್ಲವರೂ ಇಲ್ಲಿದ್ದೀರಿ, ಅದಕ್ಕೇ ಕೇಳುತ್ತಿದ್ದೇನೆ.

ಟೆಂಪೋ ಅಂದ ಕೂಡಲೇ ಹೊಳೆಯುವ ಪದ ‘ಗತಿ’. ದಿನನಿತ್ಯದ ಮಾತಿನಲ್ಲಿ ಅದು ವೇಗವೇ. ಆದರೆ ಕರ್ನಾಟಕ ಸಂಗೀತದಲ್ಲಿ ಗತಿ ಅಂದರೆ ನಡೆ: ಒಂದು ಪೆಟ್ಟಿನೊಳಗೆ ಎಷ್ಟು ಅಕ್ಷರ (ಸಣ್ಣ ಎಣಿಕೆ) ಎಂಬ ಲೆಕ್ಕ. ಚತುರಶ್ರಕ್ಕೆ 4, ತಿಶ್ರಕ್ಕೆ 3, ಖಂಡಕ್ಕೆ 5. ಪೆಟ್ಟು ಮಾತ್ರ ಇದ್ದ ವೇಗದಲ್ಲೇ ಇರುತ್ತದೆ. ಮೃದಂಗ ಕಲಿತವರು ‘ಇಲ್ಲಿ ಗತಿ ಬದಲಿಸಿ’ ಎಂದು ಓದಿದರೆ ಪೆಟ್ಟಿಗೆ ನಾಲ್ಕಿದ್ದದ್ದನ್ನು ಮೂರು ಮಾಡಿಯಾರೇ ಹೊರತು ಟೆಂಪೋ ಮುಟ್ಟಲಾರರು. ‘ಕಾಲ’ಕ್ಕೂ ಇದೇ ತೊಂದರೆ. ಎರಡನೇ ಕಾಲದಲ್ಲಿ ಸ್ವರಗಳು ಎರಡು ಪಟ್ಟಾಗುತ್ತವೆ, ತಾಳ ಅಲುಗುವುದಿಲ್ಲ. ‘ಲಯ’ ಹತ್ತಿರದ ಪದ, ವಿಳಂಬ ಲಯ ಅನ್ನುತ್ತೇವಲ್ಲ. ಆದರೆ ‘ಲಯ ತಪ್ಪಿತು’ ಅನ್ನುವಾಗ ಅದರ ಅರ್ಥ ಬೇರೆ ಕಡೆ ವಾಲುತ್ತದೆ. ‘ಲಯ ಬದಲಾಯಿತು’ ಎಂದರೆ ಏನೋ ಎಡವಟ್ಟಾಯಿತು ಎಂದೇ ಹಲವರು ತಿಳಿದಾರು.

ಸಂಗೀತಗಾರರು ನಿಜಕ್ಕೂ ಬಳಸುವ ಪದ ‘ಕಾಲಪ್ರಮಾಣ’. ಮಿಡಿ ಕಡತದ (ಯಾವ ಸ್ವರ ಯಾವಾಗ ನುಡಿಸಬೇಕು ಎಂದು ಬರೆದಿಡುವ ಕಡತ) ಒಳಗಿನ ಲೆಕ್ಕಕ್ಕೂ ಅದು ಸರಿಹೊಂದುತ್ತದೆ. ಅಲ್ಲಿ ಟೆಂಪೋವನ್ನು ಬರೆದಿಡುವುದು ಒಂದು ಕ್ವಾರ್ಟರ್ ನೋಟ್‌ಗೆ (4/4ರ ಒಂದು ಪೆಟ್ಟಿಗೆ) ಎಷ್ಟು ಮೈಕ್ರೋಸೆಕೆಂಡ್ ಎಂದು. ನಿಮಿಷಕ್ಕೆ 120 ಕ್ವಾರ್ಟರ್ ನೋಟ್ ಅಂದರೆ ಒಂದಕ್ಕೆ 5,00,000. ಆ ಅಂಕಿ ಜಾಸ್ತಿಯಾದಷ್ಟೂ ಹಾಡು ನಿಧಾನ. ಅಂದರೆ ಅದು ಅವಧಿಯ ಅಳತೆ. ಆದರೂ ತೆರೆಯ ಮೇಲೆ ಕಾಣುವುದು ನಿಮಿಷದ ಲೆಕ್ಕವೇ, ಬಟನ್ ಮೇಲೆ ಅಷ್ಟುದ್ದದ ಪದ ಹಿಡಿಸುವುದೂ ಇಲ್ಲ. ನನ್ನ ಒಲವು ಸುಮ್ನೆ ‘ವೇಗ’ ಅನ್ನುವುದರ ಕಡೆಗಿದೆ. ಯಾರಿಗೂ ಗೊಂದಲವಾಗದು, ಅಲ್ವಾ?

ಟೈಮ್ ಸಿಗ್ನೇಚರ್ ಇನ್ನೂ ಕಗ್ಗಂಟು. ‘ತಾಳ’ ಅಂದರೆ ಮುಗಿಯಿತು ಅನ್ನಿಸುತ್ತದೆ. ಆದರೆ ತಾಳದಲ್ಲಿ ಎಣಿಕೆಯ ಜೊತೆಗೆ ವಿಂಗಡಣೆಯೂ ಇರುತ್ತದೆ. ಮಿಶ್ರ ಚಾಪು ಅಂದರೆ ಏಳು, ಅದೂ 3+4. ಬರೀ 7/8 ಅಂತ ಬರೆದರೆ ಅದು 2+2+3 ಇರಬಹುದು, 3+2+2 ಇರಬಹುದು. ಆ ಎರಡು ಅಂಕಿ ಇದನ್ನು ಹೇಳುವುದೇ ಇಲ್ಲ. ಎಷ್ಟೋ ಸೀಕ್ವೆನ್ಸರ್‌ಗಳಲ್ಲಿ ಮೆಟ್ರೋನೋಮ್ (ಪೆಟ್ಟುಗಳನ್ನು ಟಿಕ್ ಟಿಕ್ ಎಂದು ಎಣಿಸುವ ಸಾಧನ) ಎಲ್ಲಿ ಜೋರಾಗಿ ಬಡಿಯಬೇಕು ಎಂದು ಬೇರೆಯಾಗಿಯೇ ಹೇಳಬೇಕು. ಹಾಗಾಗಿ ಅಂಕಿಗೆ ‘ತಾಳಗುರುತು’, ಒಳಗಿನ ವಿಂಗಡಣೆಗೆ ‘ಗಣ’ ಎಂದು ಎರಡು ಪದ ಇಟ್ಟುಕೊಳ್ಳಬಹುದೇ? ಗಣ ನಮ್ಮ ಛಂದಸ್ಸಿನ ಪದವೇ. ಭಾಮಿನಿ ಷಟ್ಪದಿ ಓದಿದವರಿಗೆ ಮೂರು-ನಾಲ್ಕು, ಮೂರು-ನಾಲ್ಕು ಎಂದು ಮಾತ್ರೆಗಳನ್ನು ಗಣಗಳಾಗಿ ಒಡೆಯುವುದು ಹೊಸತಲ್ಲ. ಈ ಪದ ನನಗೆ ತುಂಬಾ ಇಷ್ಟವಾಗಿದೆ.

ಗಣ ಎಂಬ ಪದವಿದ್ದರೆ ಇನ್ನೊಂದು ತೊಡಕೂ ಬಿಡಿಸಿಕೊಳ್ಳುತ್ತದೆ. 5/8, 7/8 ಇಂಥವನ್ನು ‘ಬೆಸ ತಾಳ’ ಎನ್ನೋಣ ಅಂದರೆ 3/4 ಕೂಡ ಬೆಸವೇ, ಆದರೆ ಅದರಲ್ಲಿ ವಕ್ರವೇನೂ ಇಲ್ಲ. 8/8ನ್ನು 3+3+2 ಎಂದು ಒಡೆದರೆ ಸಮಸಂಖ್ಯೆ, ಆದರೂ ಓಟ ಕುಂಟುತ್ತದೆ. 9/8 ಅಂತೂ 3+3+3 ಆದರೆ ಸಲೀಸು, 2+2+2+3 ಆದರೆ ಅಲ್ಲ. ‘ವಿಷಮ’ ಅಂದರೆ ಪರಿಸ್ಥಿತಿ ಕೈಮೀರಿದಂತೆ ಕೇಳಿಸುತ್ತದೆ. ‘ಅಸಮ ಗಣದ ತಾಳ’ ಎನ್ನುವುದೇ ನಿಖರ ಅನ್ನಿಸುತ್ತಿದೆ.

ವೇಗ ಬೇರೆ, ತಾಳಗುರುತು ಬೇರೆ ಎಂದು ಇಷ್ಟು ಹಟ ಹಿಡಿಯಲು ಕಾರಣವಿದೆ. ವೇಗ 120ರಲ್ಲಿ 4/4ರ ಒಂದು ಬಾರ್ 2 ಸೆಕೆಂಡ್. ಅದೇ ವೇಗದಲ್ಲಿ 7/8ರ ಬಾರ್ (ಏಳು ಅರ್ಧ ಕ್ವಾರ್ಟರ್ ನೋಟ್) 1.75 ಸೆಕೆಂಡ್. ಬಾರ್ ಬೇಗ ಮುಗಿಯುವುದರಿಂದ ಹಾಡೇ ಓಡಿದಂತೆ ಕಿವಿಗೆ ಅನ್ನಿಸುತ್ತದೆ, ಆದರೆ ಒಂದು ನೋಟ್‌ನ ಉದ್ದವೂ ಬದಲಾಗಿರುವುದಿಲ್ಲ. ಹೊಸಬರು ಇಲ್ಲೇ ಸುಮ್ಮಸುಮ್ಮನೆ ವೇಗ ಇಳಿಸಿಬಿಡುತ್ತಾರೆ. 6/8ರಲ್ಲಂತೂ ಕಾಲು ತಟ್ಟುವುದು ಒಂದೂವರೆ ಕ್ವಾರ್ಟರ್ ನೋಟ್‌ಗೆ ಒಮ್ಮೆ. ಸೀಕ್ವೆನ್ಸರ್ ಕ್ವಾರ್ಟರ್ ನೋಟ್ ಎಣಿಸಿ 120 ಅಂದರೆ ಒಂದು ನಿಮಿಷದಲ್ಲಿ ನಿಮ್ಮ ಕಾಲು ತಟ್ಟುವುದು 80 ಸಲ. ಹಾಗಾಗಿ ಬಿಪಿಎಂಗೆ (ಬೀಟ್ಸ್ ಪರ್ ಮಿನಿಟ್) ‘ನಿಮಿಷಕ್ಕೆ ಇಷ್ಟು ಪೆಟ್ಟು’ ಎಂದು ಬರೆದರೆ, ಯಾವ ಪೆಟ್ಟು ಎಂದೂ ಹೇಳಲೇಬೇಕು.

ವೇಗ ಸ್ವಲ್ಪ ಸ್ವಲ್ಪವಾಗಿ ಬದಲಾಗುವುದಕ್ಕೆ ‘ವೇಗದ ಏರಿಕೆ’, ‘ಇಳಿಕೆ’ ಸಾಕು. ಒಮ್ಮೆಲೇ ಬದಲಾದರೆ ‘ಹೊಸ ವೇಗ’. ಮಿಡಿ ಕಡತದಲ್ಲಿ ಏರಿಕೆ ಕೂಡ ಸಣ್ಣ ಸಣ್ಣ ಮೆಟ್ಟಿಲುಗಳಾಗಿಯೇ ಉಳಿಯುತ್ತದೆ. ಆ ಬದಲಾವಣೆಗಳ ಸಾಲಿಗೆ ‘ವೇಗಪಟ್ಟಿ’ ಎಂದಿದ್ದೇನೆ.

ಇನ್ನೂ ಬಗೆಹರಿಯದಿರುವುದು ‘ಬಾರ್’. ‘ಆವರ್ತ’ ಎಂದು ಬರೆದು ನೋಡಿದೆ, ಒಗ್ಗಲಿಲ್ಲ. ಆದಿತಾಳದ ಒಂದು ಆವರ್ತಕ್ಕೆ 8 ಪೆಟ್ಟು, ಅದು 4/4ರಲ್ಲಿ ಎರಡು ಬಾರ್ ಆಗುತ್ತದೆ. ಜೊತೆಗೆ ಆವರ್ತ ಅಂದರೆ ಮತ್ತೆ ಬರುವುದು. ಹಾಡಿನ ನಡುವೆ ಒಮ್ಮೆ ಮಾತ್ರ ಬಂದು ಹೋಗುವ 7/8 ಬಾರ್ ಮತ್ತೆ ಬರುವುದೇ ಇಲ್ಲ. ‘ಎಂಟನೇ ಬಾರ್ ಆದ ಮೇಲೆ ಒಂದೇ ಒಂದು 7/8 ಬಾರ್ ಸೇರಿಸಿ, ಮತ್ತೆ 4/4ಕ್ಕೆ ಬನ್ನಿ’ ಎಂಬ ವಾಕ್ಯವನ್ನು ನೀವಾದರೆ ಹೇಗೆ ಬರೆಯುತ್ತೀರಿ?