‘ಆಂದ್ರೇ ರುಬ್ಲೆವ್’ ನನಗೆ ಹತ್ತಲಿಲ್ಲ, ನಿಮಗೆ ಹೇಗೆ ಹತ್ತಿತು?

ಹೇಮಾವತಿ ದಂಡೆ: ಶನಿವಾರ ರಾತ್ರಿ ಹಾಸನದಲ್ಲಿ ಗೆಳೆಯರ ಮನೆ ಮಹಡಿ ಮೇಲೆ ಬಿಳಿ ಪಂಚೆ ಕಟ್ಟಿ ರಷ್ಯನ್ ನಿರ್ದೇಶಕ ತಾರ್ಕೋವ್‌ಸ್ಕಿಯ ಸಿನಿಮಾ ‘ಆಂದ್ರೇ ರುಬ್ಲೆವ್’ ನೋಡಿದ್ವಿ. ಹದಿನೈದನೇ ಶತಮಾನದ ರಷ್ಯಾ, ಚರ್ಚುಗಳಿಗೆ ದೇವರ ಚಿತ್ರ ಬರೆಯೋ ಒಬ್ಬ ಸನ್ಯಾಸಿಯ ಕಥೆ. ಮೂರು ಗಂಟೆ ದಾಟುತ್ತೆ. ಒಂಬತ್ತು ಜನ ಕೂತಿದ್ವಿ, ಅರ್ಧಕ್ಕೆ ಬರೋ ಹೊತ್ತಿಗೆ ನಾಲ್ಕೇ ಜನ. ಒಂದೇ ಥರದ ನಿಲುವಂಗಿ ಹಾಕಿದ ಮೂವರು ಮಳೇಲಿ ನಡೀತಾರೆ, ಯಾರು ಯಾರು ಅಂತಲೇ ಗೊತ್ತಾಗಲ್ಲ. ಕೆಳಗಿನ ಅಕ್ಷರ ಓದೋಷ್ಟರಲ್ಲಿ ಮುಖ ತಪ್ಪಿಹೋಗುತ್ತೆ, ಮುಖ ನೋಡ್ತಾ ಕೂತ್ರೆ ಮಾತು ತಪ್ಪಿಹೋಗುತ್ತೆ. ಇಷ್ಟಪಡಬೇಕು ಅಂತಲೇ ಕೂತಿದ್ದೆ, ಆಗಲಿಲ್ಲ. ಇಷ್ಟಪಟ್ಟವರು ಹೇಗೆ ನೋಡಿದ್ರಿ, ಹೇಳಿ.

ಗಿರಿ ನೆರಳು, ಚಿಕ್ಕಮಗಳೂರು: “ಯಾರು ಯಾರು ಅಂತಲೇ ಗೊತ್ತಾಗಲ್ಲ” ಅಂದ್ರೆ ನೀವು ನೋಡಿಲ್ಲ ಅಂತಲೇ ಲೆಕ್ಕ. ಆಂದ್ರೇ, ದಾನಿಯಿಲ್, ಕಿರಿಲ್. ಕಿರಿಲ್‌ಗೆ ಆಂದ್ರೇಯಷ್ಟು ಕೈಚಳಕ ಇಲ್ಲ, ಆ ಹೊಟ್ಟೆಕಿಚ್ಚಲ್ಲೇ ಮಠ ಬಿಟ್ಟು ಹೊರಡ್ತಾನೆ, ಹಿಂದೆ ಬಂದ ತನ್ನ ನಾಯೀನೇ ಬಡಿದು ಹಾಕ್ತಾನೆ. ಅದನ್ನ ಕಂಡ ಮೇಲೂ ಆ ಮುಖ ಮರೆಯುತ್ತಾ? 1966ರಲ್ಲಿ ಮುಗಿದ ಸಿನಿಮಾನ ಸೋವಿಯತ್ ಸರ್ಕಾರ ತನ್ನ ಜನಕ್ಕೆ ತೋರಿಸಿದ್ದು 1971ರಲ್ಲಿ. ಅಷ್ಟರಲ್ಲಿ 1969ರಲ್ಲೇ ಫ್ರಾನ್ಸಿನ ಕಾನ್ ಚಿತ್ರೋತ್ಸವದಲ್ಲಿ ವಿಮರ್ಶಕರ ಪ್ರಶಸ್ತಿ ಬಂದಿತ್ತು.

ತೋಟದ ಮನೆ: ಸರ್ಕಾರ ತಡೆದಿದ್ದೆಲ್ಲ ಒಳ್ಳೇ ಸಿನಿಮಾ ಆಗಲ್ಲ. ವ್ಲಾದಿಮಿರ್ ಊರಿನ ಮೇಲೆ ದಾಳಿ ನಡೆಯುವಾಗ ಮೆಟ್ಟಿಲ ಮೇಲಿಂದ ಒಂದು ಕುದುರೆ ಉರುಳಿ ಬೀಳುತ್ತಲ್ಲ, ಅದು ನಿಜವಾಗಿ ಸತ್ತ ಕುದುರೆ. ನಮ್ಮ ಹಸು ಕಾಲು ಮುರ್ಕೊಂಡಾಗ ಮೂರು ರಾತ್ರಿ ಕೊಟ್ಟಿಗೇಲಿ ಕೂತವನು ನಾನು. ಅಲ್ಲಿಗೇ ನಿಲ್ಲಿಸಿದೆ, ಮುಂದೆ ನೋಡಲಿಲ್ಲ.

ಗಿರಿ ನೆರಳು, ಚಿಕ್ಕಮಗಳೂರು: ಅದನ್ನ ಕಸಾಯಿಖಾನೆಯಿಂದ ತಂದಿದ್ದು. ಹೇಗೂ ಸಾಯ್ತಿತ್ತು.

ಬೇಲೂರು ಸೊಸೆ: ನಿಧಾನ ಅನ್ನೋದೇ ದೊಡ್ಡಸ್ತಿಕೆ ಅನ್ನೋ ಹಾಗೆ ಮಾತಾಡ್ತೀರಲ್ಲ. ರುಬ್ಲೆವ್ ಬದುಕಿನ ಬಗ್ಗೆ ಗೊತ್ತಿರೋದು ತೀರಾ ಕಮ್ಮಿ, ನಮ್ಮ ಜಕಣಾಚಾರಿ ಥರ. ‘ಅಮರಶಿಲ್ಪಿ ಜಕಣಾಚಾರಿ’ 1964ರಲ್ಲೇ ಬಂತು, ಕನ್ನಡದ ಮೊದಲ ಪೂರ್ತಿ ಬಣ್ಣದ ಚಿತ್ರ. ಅದೂ ಕಲಾವಿದನ ಕಥೇನೇ. ನಮ್ಮತ್ತೆ ಇವತ್ತಿಗೂ ಅದನ್ನ ದೃಶ್ಯ ದೃಶ್ಯವಾಗಿ ಹೇಳ್ತಾರೆ. ನಿಮ್ಮ ರಷ್ಯನ್ ಸಿನಿಮಾದ ಒಂದೇ ಒಂದು ದೃಶ್ಯ ಮನೆಯವರಿಗೆ ಹೇಳಿದೀರಾ?

ಶಾಸನಾಸಕ್ತ: “ನಮ್ಮ ಜಕಣಾಚಾರಿ ಥರ” ಅನ್ನೋದು ತಪ್ಪು ಹೋಲಿಕೆ. ರುಬ್ಲೆವ್ ಇದ್ದವನು. 1408ರಲ್ಲಿ ವ್ಲಾದಿಮಿರ್ ಚರ್ಚಲ್ಲಿ ಚಿತ್ರ ಬರೆದ ದಾಖಲೆ ಇದೆ, ಅವನು ಬರೆದ ‘ಟ್ರಿನಿಟಿ’ ಚಿತ್ರ ಇವತ್ತಿಗೂ ಇದೆ. ಬೇಲೂರಲ್ಲಿ ಜಕಣಾಚಾರಿ ಅಂತ ಒಂದು ಸಹಿ ತೋರಿಸಿ. ಸಹಿ ಹಾಕಿದ ಶಿಲ್ಪಿ ದಾಸೋಜ ಇದ್ದಾನೆ, ಅವನ ಮಗ ಚಾವಣ ಇದ್ದಾನೆ, ಬಳ್ಳಿಗಾವಿಯವರು. ನುಗ್ಗೇಹಳ್ಳಿಗೆ ಹೋದ್ರೆ ಮಲ್ಲಿತಮ್ಮ, ಬೈಚೋಜ.

ಬೇಲೂರು ಸೊಸೆ: ಸಹಿ ಇಲ್ಲ ಅಂದ್ರೆ ಮನುಷ್ಯನೇ ಇರಲಿಲ್ವಾ? ರಾಜ್ಯ ಸರ್ಕಾರ ಶಿಲ್ಪಿಗಳಿಗೆ ಕೊಡೋ ಪ್ರಶಸ್ತಿ ಹೆಸರೇನು? ಜಕಣಾಚಾರಿ ಪ್ರಶಸ್ತಿ. ಕಪ್ಪೆ ಚೆನ್ನಿಗರಾಯನ ಮೈಗೆ ಗಂಧ ಬಳಿದಾಗ ಎಲ್ಲಾ ಒಣಗಿ ಹೊಕ್ಕುಳ ಒಂದೇ ಹಸಿ ಉಳಿದಿದ್ದು, ಉಳಿ ತಾಗಿಸಿದ್ರೆ ಒಳಗಿಂದ ನೀರು, ಕಪ್ಪೆ ಬಂದಿದ್ದು, ತಪ್ಪು ಹಿಡಿದ ಹುಡುಗ ಸ್ವಂತ ಮಗ ಅಂತ ಗೊತ್ತಾಗಿದ್ದು. ನಮ್ಮೂರಲ್ಲಿ ಮಕ್ಕಳನ್ನ ಕೇಳಿದ್ರೂ ಹೇಳ್ತಾವೆ.

ಶಾಸನಾಸಕ್ತ: ಪ್ರಶಸ್ತಿ ಶಾಸನ ಅಲ್ಲ ಮೇಡಂ. ಕಲ್ಲಲ್ಲಿ ಹೆಸರು ಕೊರೆದಿಟ್ಟು ಹೋದವನನ್ನ ಬಿಟ್ಟು ಕಥೆಯವನಿಗೆ ಕೀರ್ತಿ ಕೊಡೋದು ದಾಸೋಜನಿಗೆ ಮಾಡೋ ಅನ್ಯಾಯ. ಒಂಬೈನೂರು ವರ್ಷದಿಂದ ಅವನ ಹೆಸರು ಅಲ್ಲೇ ಇದೆ, ಜನ ಅದರ ಮುಂದೇನೇ ನಿಂತು ಬೇರೆಯವನ ಹೆಸರು ಹೇಳ್ತಾರೆ. ಹೊಟ್ಟೆ ಉರಿಯುತ್ತೆ.

ಬೇಲೂರು ಸೊಸೆ: “ಕಥೆಯವನು” ಅನ್ನೋ ಮಾತು ವಾಪಸ್ ತಗೊಳ್ಳಿ. ನಮ್ಮ ಮಾವ ಉಳಿ ಹಿಡಿಯೋ ಮುಂಚೆ ಅವನ ಹೆಸರು ಹೇಳಿ ಕೈ ಮುಗೀತಿದ್ರು.

ಶಾಸನಾಸಕ್ತ: ತಗೊಳ್ಳಲ್ಲ.

ಹೇಮಾವತಿ ದಂಡೆ: ನಾನು ಕೇಳಿದ್ದು ಸಿನಿಮಾ ಬಗ್ಗೆ ಕಣ್ರೀ.

ತೋಟದ ಮನೆ: ಕುದುರೆ ವಿಷಯಕ್ಕೂ ಉತ್ತರ ಬಂದಿಲ್ಲ. “ಹೇಗೂ ಸಾಯ್ತಿತ್ತು” ಅನ್ನೋದು ಉತ್ತರ ಅಲ್ಲ.

ಗಿರಿ ನೆರಳು, ಚಿಕ್ಕಮಗಳೂರು: ಒಂದು ದೃಶ್ಯ ಮನೆಯವರಿಗೆ ಹೇಳಿದೀರಾ ಅಂತ ಕೇಳಿದ್ರಲ್ಲ ಮೇಡಂ, ಹೇಳಿದೀನಿ. ಗಂಟೆ ಎರಕ ಹೊಯ್ಯೋರೆಲ್ಲ ಪ್ಲೇಗಿಗೆ ಸತ್ತಿದ್ದಾರೆ. ಬೋರಿಸ್ಕ ಅನ್ನೋ ಹುಡುಗ, ಅಪ್ಪ ಸಾಯುವಾಗ ನನಗೆ ಗುಟ್ಟು ಹೇಳಿದ್ದಾನೆ ಅಂತ ನಂಬಿಸಿ ಕೆಲಸ ಹಿಡೀತಾನೆ. ಅಚ್ಚಿಗೆ ಬೇಕಾದ ಜೇಡಿಮಣ್ಣು ಎಲ್ಲೂ ಸಿಗಲ್ಲ. ಮಳೇಲಿ ಕಾಲು ಜಾರಿ ದಿಬ್ಬದಿಂದ ಉರುಳ್ತಾನೆ, ನೋಡಿದ್ರೆ ಬಿದ್ದ ಜಾಗದ ಮಣ್ಣೇ ಆ ಜೇಡಿ. ಗಂಟೆ ಮೊಳಗಿದ ಮೇಲೆ ಕೆಸರಲ್ಲಿ ಬಿದ್ದು ಅಳ್ತಾನೆ, ಅಪ್ಪ ಏನೂ ಹೇಳಿರಲಿಲ್ಲ ಅಂತ. ವರ್ಷಗಟ್ಟಲೆ ಮೌನ ಹಿಡಿದಿದ್ದ ರುಬ್ಲೆವ್ ಆಗ ಬಾಯಿ ಬಿಡ್ತಾನೆ. ಇದನ್ನ ಹೇಳುವಾಗ ನಮ್ಮಪ್ಪ ಕಾಫಿ ಹಣ್ಣಿನ ಸಿಪ್ಪೆ ಬಿಡಿಸೋ ಪಲ್ಪರ್ ಹತ್ರ ಹಣ್ಣು ಸುರೀತಿದ್ರು. ಮೋಟಾರ್ ನಿಲ್ಲಿಸಿ, “ಗಂಟೆ ಬಿರುಕು ಬಿಡಲಿಲ್ಲ ತಾನೆ?” ಅಂದ್ರು.

ಶಾಸನಾಸಕ್ತ: “ಅಪ್ಪ ಏನೂ ಹೇಳಿರಲಿಲ್ಲ.” ದಾಸೋಜ ಮಗನಿಗೆ ಹೇಳಿಕೊಟ್ಟಿದ್ದ. ಅದಕ್ಕೇ ಬೇಲೂರಲ್ಲಿ ಇಬ್ಬರ ಹೆಸರೂ ಇದೆ.

ಬೇಲೂರು ಸೊಸೆ: ಆ ಬೋರಿಸ್ಕನ ಸಹಿ ಎಲ್ಲಿದೆ? ಅವನೂ ಕಟ್ಟಿದ ಪಾತ್ರ ತಾನೆ? ಅವನಿಗಾದ್ರೆ ಕಣ್ಣೀರು ಹಾಕಬಹುದು, ಜಕಣಾಚಾರಿಗೆ ಮಾತ್ರ ಸಾಕ್ಷಿ ಬೇಕು.

ಶಾಸನಾಸಕ್ತ: ಬೋರಿಸ್ಕನ ಹೆಸರಿಗೆ ಯಾರೂ ದೇವಸ್ಥಾನ ಬರೆದುಕೊಟ್ಟಿಲ್ಲ.

ಹೇಮಾವತಿ ದಂಡೆ: ನಿನ್ನೆ ರಾತ್ರಿ ಗಂಟೆ ಭಾಗದಿಂದ ಕೊನೇವರೆಗೆ ಒಬ್ಬನೇ ಕೂತು ನೋಡಿದೆ. ಕಾದ ಲೋಹ ಕಾಲುವೆಗುಂಟ ಅಚ್ಚಿನ ಕಡೆ ಹರಿಯುವಾಗ ಕುರ್ಚಿ ಕೈ ಬಿಗಿಯಾಗಿ ಹಿಡ್ಕೊಂಡಿದ್ದೆ. ಕಪ್ಪು ಬಿಳುಪು ಹೋಗಿ ರುಬ್ಲೆವ್ ಬರೆದ ಚಿತ್ರಗಳು ಬಣ್ಣದಲ್ಲಿ ಬಂದಾಗ ಮೈ ಜುಮ್ಮೆಂತು. ಆದ್ರೂ ಮೊದಲ ಎರಡು ಗಂಟೆ ಬೇಕಿತ್ತು ಅಂತ ಒಪ್ಪಲ್ಲ.

ಗಿರಿ ನೆರಳು, ಚಿಕ್ಕಮಗಳೂರು: ಆ ಬಣ್ಣ ಹಾಗೆ ತಾಗಿದ್ದೇ ಅಷ್ಟು ಹೊತ್ತು ಕಪ್ಪು ಬಿಳುಪು ನೋಡಿದ್ದಕ್ಕೆ. ನೀವು ನೋಡಿದ್ದು 205 ನಿಮಿಷದ್ದಾ, 183 ನಿಮಿಷದ್ದಾ?

ಹೇಮಾವತಿ ದಂಡೆ: ಚಿಕ್ಕದು. ಆದ್ರೆ “ಅಷ್ಟು ಹೊತ್ತು” ಎಲ್ಲಿಂದ ಬಂತು? ನಿನ್ನೆ ನೋಡಿದ್ದು ಗಂಟೆ ಭಾಗದಿಂದ ಮಾತ್ರ. ಆದ್ರೂ ತಾಗಿತಲ್ಲ.