‘ಕಮರುಹೊಗೆ’ ಎನ್ನಬಹುದೇ? ಓಟಿಯ ಕೆಲವು ಪದಗಳ ಬಗ್ಗೆ

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ಬಾಗಲಕೋಟೆಯಲ್ಲಿ ನಾನು ಶಸ್ತ್ರಕ್ರಿಯಾ ವಿಭಾಗದ ನರ್ಸಿಂಗ್ ಪಾಠ ಹೇಳುತ್ತೇನೆ. ಓಟಿಯ, ಅಂದರೆ ಶಸ್ತ್ರಕ್ರಿಯೆ ನಡೆಯುವ ಆಪರೇಷನ್ ಥಿಯೇಟರಿನ, ತಂತ್ರಜ್ಞರು, ಆಯಾಗಳು, ಸ್ವಚ್ಛತಾ ಸಿಬ್ಬಂದಿ ತಾವೇ ಓದಿಕೊಳ್ಳುವಂತಹ ಸುರಕ್ಷತಾ ಕೈಪಿಡಿಯೊಂದನ್ನು ಕನ್ನಡದಲ್ಲಿ ಸಿದ್ಧಪಡಿಸುತ್ತಿದ್ದೇನೆ. ಸರ್ಜನ್ ಒಂದು ಶಸ್ತ್ರಕ್ರಿಯೆ ಮುಗಿಸಿ ಹೊರಟರೂ ಇವರು ಮುಂದಿನದಕ್ಕೆ ಅಲ್ಲಿಯೇ ಇರುತ್ತಾರೆ. ಅಪಾಯ ಇವರಿಗೆ ಹೆಚ್ಚು. ಇವರ ಭಾಷೆಯಲ್ಲಿ ಬರೆದದ್ದು ಮಾತ್ರ ಕಡಿಮೆ. ಕೆಲವು ಪದಗಳಿಗೆ ನಿಮ್ಮ ನೆರವು ಬೇಕು.

ಮೊದಲನೆಯದು, ಕಾಟರಿ ಮುಟ್ಟಿದಾಗ ಏಳುವ ಹೊಗೆ. ವಿದ್ಯುತ್ತಿನಿಂದ ಅಂಗಾಂಶವನ್ನು ಕೊಯ್ದು ರಕ್ತ ನಿಲ್ಲಿಸುವ ಈ ಉಪಕರಣವನ್ನು 1926ರಲ್ಲಿ ಬಾಸ್ಟನ್‌ನಲ್ಲಿ ಹಾರ್ವೆ ಕುಶಿಂಗ್ ಬಳಸಿದರು. ರೂಪಿಸಿದವರು ವಿಲಿಯಂ ಬೋವಿ. ಉಪಕರಣಕ್ಕೆ ಹೆಸರಿನ ತೊಂದರೆ ಇಲ್ಲ. ‘ಕಾಟರಿ’ ಎಂದರೆ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಹೆಸರಿಲ್ಲದೆ ಉಳಿದಿರುವುದು ಅದರ ಹೊಗೆ. ಸಿಬ್ಬಂದಿ ಅದನ್ನು ಹೊಗೆ ಎನ್ನುವುದೇ ಇಲ್ಲ, ‘ಕಾಟರಿ ವಾಸನೆ’ ಎನ್ನುತ್ತಾರೆ. ನನ್ನ ಚಿಂತೆ ಇರುವುದು ಇಲ್ಲಿಯೇ. ವಾಸನೆ ಎಂದ ಮೇಲೆ ಅದು ಸಹಿಸಿಕೊಳ್ಳಬೇಕಾದ ಸಂಗತಿಯಾಗುತ್ತದೆ. ಹೊಸದಾಗಿ ಬಂದ ಹುಡುಗಿ ಮುಖ ಸಿಂಡರಿಸಿದರೆ ‘ನಾಲ್ಕು ದಿನ ಕಳೆದರೆ ರೂಢಿಯಾಗುತ್ತದೆ’ ಎಂದು ಹಿರಿಯರು ಸಮಾಧಾನ ಹೇಳುತ್ತಾರೆ. ರೂಢಿಯಾಗುವುದು ಮೂಗಿಗೆ, ಶ್ವಾಸಕೋಶಕ್ಕಲ್ಲ.

ಆ ಹೊಗೆಯಲ್ಲಿ ನೂರಕ್ಕೆ ಸುಮಾರು 95 ಭಾಗ ನೀರಾವಿ. ಉಳಿದ 5 ಭಾಗದಲ್ಲಿ ಬೆಂಜೀನ್, ಟಾಲ್ವೀನ್, ಫಾರ್ಮಾಲ್ಡಿಹೈಡ್, ಹೈಡ್ರೋಜನ್ ಸಯನೈಡ್, ಕಾರ್ಬನ್ ಮೊನಾಕ್ಸೈಡ್, ಕರಕಲಾದ ಜೀವಕೋಶದ ಚೂರುಗಳು ಇರುತ್ತವೆ. ನರುಳ್ಳೆ ತರುವ ಎಚ್‌ಪಿವಿ ವೈರಸ್ಸಿನ ಡಿಎನ್‌ಎ ಕೂಡ ಇಂತಹ ಹೊಗೆಯಲ್ಲಿ ಸಿಕ್ಕಿದೆ. ಕಾಟರಿ ಹೊಗೆಯ ಕಣಗಳ ಸರಾಸರಿ ಗಾತ್ರ 0.07 ಮೈಕ್ರಾನ್. ನಾವು ಕಟ್ಟಿಕೊಳ್ಳುವ ಸಾಮಾನ್ಯ ಮಾಸ್ಕ್ ಸುಮಾರು 5 ಮೈಕ್ರಾನ್‌ಗಿಂತ ದೊಡ್ಡದನ್ನಷ್ಟೇ ಚೆನ್ನಾಗಿ ತಡೆಯುತ್ತದೆ. ಅದು ಇರುವುದು ನಮ್ಮ ಉಗುಳು ರೋಗಿಯ ಗಾಯಕ್ಕೆ ಬೀಳದಿರಲಿ ಎಂದು. ಒಂದು ಗ್ರಾಂ ಅಂಗಾಂಶವನ್ನು ಕಾಟರಿಯಿಂದ ಸುಟ್ಟಾಗ ಬರುವ ಹೊಗೆಗೆ ಆರು ಸಿಗರೇಟಿನ ಹೊಗೆಯಷ್ಟು ವಂಶವಾಹಿಯನ್ನು ಕೆಡಿಸುವ ಶಕ್ತಿ ಇದೆ ಎಂದು ಜಪಾನಿನ ಸಂಶೋಧಕರು 1981ರಲ್ಲೇ ಲೆಕ್ಕ ಹಾಕಿದ್ದರು.

ಇದಕ್ಕೆ ಯಾವ ಪದ? ‘ಶಸ್ತ್ರಚಿಕಿತ್ಸಾ ಧೂಮ’ ಎಂದರೆ ಹೊಗೆಯಿಂದಲೇ ಏನೋ ಚಿಕಿತ್ಸೆ ಮಾಡುತ್ತಾರೆ ಎಂಬ ಅರ್ಥ ಬರುತ್ತದೆ. ಹೆಚ್ಚಿನ ಪಾಲು ನೀರಾವಿ ಎಂದು ‘ಹಬೆ’ ಎನ್ನಲು ಹೋದರೆ ಇನ್ನೂ ಕಷ್ಟ. ನೆಗಡಿಯಾದಾಗ ನಮ್ಮ ಮನೆಗಳಲ್ಲಿ ಹಬೆ ತೆಗೆದುಕೊಳ್ಳುತ್ತಾರೆ; ಹಬೆ ಒಳ್ಳೆಯದು ಎಂಬ ಭಾವನೆ ಗಟ್ಟಿಯಾಗಿದೆ. ಬರಿಯ ‘ಹೊಗೆ’ ಎಂದರೆ ಸೌದೆ ಒಲೆಯ ಮುಂದೆ ಬೆಳೆದ ಆಯಾ ‘ಇದೇನು ಮಹಾ’ ಎಂದಾಳು. ‘ಶಸ್ತ್ರಕ್ರಿಯಾ ಹೊಗೆ’ಯನ್ನು ಅರಿಸಮಾಸ ಎಂದು ಬಳಗದ ಕೆಲವರು ಆಕ್ಷೇಪಿಸಬಹುದು. ಆ ಆಕ್ಷೇಪವನ್ನು ನಾನು ಬದಿಗಿಡಬಲ್ಲೆ, ಆದರೆ ಮಾಸ್ಕ್ ಹಾಕಿಕೊಂಡು ಕೊಠಡಿಯ ಆ ತುದಿಗೆ ಕೂಗಿ ಹೇಳಲು ಅದು ಉದ್ದವಾಯಿತು.

ನನಗೆ ತೋಚಿರುವುದು ‘ಕಮರುಹೊಗೆ’. ಕೂದಲು ಸುಟ್ಟರೆ, ಎಣ್ಣೆ ಸೀದರೆ ಬರುವುದನ್ನು ಕಮರು ವಾಸನೆ ಎನ್ನುತ್ತೇವೆ. ಈ ಪದದಲ್ಲಿ ಏನೋ ಸುಡಬಾರದ್ದು ಸುಡುತ್ತಿದೆ ಎಂಬ ಎಚ್ಚರಿಕೆ ಮೊದಲಿನಿಂದಲೂ ಇದೆ. ‘ಕನಸು ಕಮರಿತು’ ಎಂಬ ಪತ್ರಿಕೆಯ ಬಳಕೆಯಿಂದಾಗಿ ಬಾಡುವುದು ಎಂಬ ಅರ್ಥವೇ ಮುಂದೆ ಬಂದು, ಸುಡುವ ಅರ್ಥ ಹಿಂದೆ ಸರಿದಿದೆಯೇ? ನಿಮ್ಮ ಊರುಗಳಲ್ಲಿ ಹೇಗಿದೆ, ತಿಳಿಸಿ.

ಹೊಗೆಯನ್ನು ತೆಗೆಯುವ ಯಂತ್ರದ ಹೆಸರು ಇದಕ್ಕೆ ಹೊಂದಿಕೊಂಡದ್ದು. ಅದರ ಕೊಳವೆಯ ಬಾಯಿ ಕೊಯ್ಯುವ ಜಾಗದಿಂದ 5 ಸೆಂಟಿಮೀಟರ್ ಒಳಗೆ ಇರಬೇಕು. ದೂರವಾದಷ್ಟೂ ಹೊಗೆ ತಪ್ಪಿಸಿಕೊಳ್ಳುತ್ತದೆ. ರಕ್ತ ಹೀರುವ ಕೊಳವೆಗೂ ಇದಕ್ಕೂ ‘ಸಕ್ಷನ್’ ಎಂಬ ಒಂದೇ ಹೆಸರು ಓಡಾಡುವುದರಿಂದ, ರಕ್ತದ ಸಕ್ಷನ್ ಇದ್ದರೆ ಸಾಕು ಎಂಬ ತಿಳಿವಳಿಕೆ ಬೆಳೆದಿದೆ. ರಕ್ತ ಹೀರುವ ಆ ಗೋಡೆಯ ಸಕ್ಷನ್ ಎಳೆಯುವ ಗಾಳಿ ಕಡಿಮೆ. ತೀರಾ ಸ್ವಲ್ಪ ಹೊಗೆಗೆ ಅದು ಸರಿ, ಅದೂ ನಡುವೆ ಫಿಲ್ಟರ್ ಇದ್ದರೆ ಮಾತ್ರ. ಹೀಗಾಗಿ ಬೇರೆ ಹೆಸರು ಬೇಕೇ ಬೇಕು. ‘ಹೊಗೆ ಎಳೆಯುವುದು’ ಬೀಡಿ ಸೇದುವವರ ಮಾತು, ‘ಹೀರುವುದು’ ರಕ್ತಕ್ಕೆ ಹೋಗಿದೆ. ‘ಹೊಗೆಸೆಳೆಕ’ ಹೇಗೆ? ಕಿವಿಗೆ ಸ್ವಲ್ಪ ಒರಟು ಎನ್ನಿಸುತ್ತದೆ, ಆದರೆ ಕೆಲಸವನ್ನು ಸರಿಯಾಗಿ ಹೇಳುತ್ತದೆ.

ಇನ್ನು ಕರೆಂಟ್. ‘ವಿದ್ಯುದಾಘಾತ’ ಎಂದು ಬರೆದರೆ ಓದುವವರು ದಾಟಿಕೊಂಡು ಹೋಗುತ್ತಾರೆ. ಆಡುಮಾತಿನಲ್ಲಿ ಎರಡು ಕ್ರಿಯಾಪದಗಳಿವೆ, ಎರಡೂ ಅಮೂಲ್ಯ: ಕರೆಂಟ್ ‘ಹೊಡೆಯಿತು’, ಕರೆಂಟ್ ‘ಹಿಡಿಯಿತು’. ನಮ್ಮ ಮನೆಗಳಿಗೆ ಬರುವ 50 ಹರ್ಟ್ಸ್ ವಿದ್ಯುತ್ತು ಕೈಯ ಮೂಲಕ 1 ಮಿಲಿಆಂಪಿಯರ್‌ನಷ್ಟು ಹರಿದರೆ ಜುಮ್ಮೆನ್ನುತ್ತದೆ. 10 ದಾಟಿದರೆ ಸ್ನಾಯು ಬಿಗಿದುಕೊಂಡು, ಹಿಡಿದದ್ದನ್ನು ಬಿಡಲಾಗುವುದಿಲ್ಲ. 100ರ ಆಸುಪಾಸಿನಲ್ಲಿ ಎದೆಯ ಮೂಲಕ ಹಾದರೆ ಹೃದಯದ ಬಡಿತ ಲಯ ತಪ್ಪುತ್ತದೆ. ಹೃದಯಕ್ಕೆ ನೇರವಾಗಿ ತಂತಿಯೋ ಕೊಳವೆಯೋ ಹೋಗಿರುವ ರೋಗಿಗೆ 0.1 ಮಿಲಿಆಂಪಿಯರ್ ಸಾಕು, ನಮ್ಮ ಬೆರಳಿಗೆ ತಿಳಿಯದಷ್ಟು. ‘ಹಿಡಿಯಿತು’ ಎಂಬುದು ಆ 10ರ ಮೇಲಿನ ಸ್ಥಿತಿಗೆ ನಮ್ಮ ಜನ ಇಟ್ಟ ಹೆಸರು. ಇದನ್ನು ಕೈಪಿಡಿಯಲ್ಲಿ ಹಾಗೆಯೇ ಇಡುತ್ತೇನೆ. ಗ್ರಾಮ್ಯ ಎಂದು ಯಾರೂ ತಿದ್ದಬೇಡಿ ಎಂದು ಕೇಳಿಕೊಳ್ಳುತ್ತೇನೆ.

ಕಾಟರಿಯ ವಿದ್ಯುತ್ತಾದರೋ ಸೆಕೆಂಡಿಗೆ ಲಕ್ಷಗಟ್ಟಲೆ ಸಲ ದಿಕ್ಕು ಬದಲಿಸುವಂಥದ್ದು. ಅಷ್ಟು ವೇಗಕ್ಕೆ ನರ, ಸ್ನಾಯು ಸ್ಪಂದಿಸುವುದಿಲ್ಲ. ಅದು ಹಿಡಿಯುವುದಿಲ್ಲ, ಸುಡುತ್ತದೆ. ಕೈಗವಸಿನಲ್ಲಿ ಸಣ್ಣ ತೂತಿದ್ದು ಬೆರಳು ಚುರ್ ಎಂದಾಗ ‘ಶಾಕ್ ಹೊಡೆಯಿತು’ ಎನ್ನುತ್ತಾರೆ. ಆಗಿರುವುದು ಸುಟ್ಟ ಗಾಯ. ಅದನ್ನು ಹಾಗೆಯೇ ಹೇಳಿ ಬರೆಸಬೇಕು, ಕೈಗವಸು ಬದಲಿಸಬೇಕು. ಇಂತಹ ಗಾಯಕ್ಕೆ ‘ಬರೆ’ ಎನ್ನಿ ಎಂದು ಒಬ್ಬರು ಸೂಚಿಸಿದ್ದರು. ಮಕ್ಕಳಿಗೆ ಬರೆ ಹಾಕುವ ಪದ್ಧತಿ ಬಿಡಿಸಲು ಹೆಣಗುತ್ತಿರುವ ನಮಗೆ ಆ ಪದ ಆಸ್ಪತ್ರೆಯೊಳಗೆ ಬೇಡ.

‘ಅರ್ಥ್ ಪ್ಲೇಟ್’ ಬಗ್ಗೆಯೂ ನಿಮ್ಮ ಅಭಿಪ್ರಾಯ ಬೇಕು. ಕಾಟರಿ ಬಳಸುವಾಗ ರೋಗಿಯ ತೊಡೆಗೋ ಪೃಷ್ಠಕ್ಕೋ ಅಂಟಿಸುವ ಪ್ಲೇಟಿಗೆ ಈ ಹೆಸರು ಬಂದದ್ದು ಹಳೆಯ ಯಂತ್ರಗಳ ಕಾಲದಲ್ಲಿ. ಅವುಗಳಲ್ಲಿ ವಿದ್ಯುತ್ತು ನಿಜವಾಗಿಯೂ ನೆಲಕ್ಕೆ ಹೋಗುತ್ತಿತ್ತು. ಈಗಿನ ಯಂತ್ರಗಳಲ್ಲಿ ಅದು ಪ್ಲೇಟಿನ ಮೂಲಕ ಯಂತ್ರಕ್ಕೇ ಮರಳುತ್ತದೆ. ಹಳೆಯ ಹೆಸರು ಕೇಳಿದವರು ‘ಅರ್ಥಿಂಗ್ ಇದ್ದೇ ಇದೆಯಲ್ಲ’ ಎಂದು ಪ್ಲೇಟನ್ನು ಅರ್ಧಂಬರ್ಧ ಅಂಟಿಸುತ್ತಾರೆ. ಕಾಲುವೆಯ ನೀರು ಹೊಲದ ತುಂಬ ಹರಡಿದರೆ ಮಣ್ಣು ಕೊರೆಯುವುದಿಲ್ಲ, ಒಂದೇ ಗಂಡಿಯಲ್ಲಿ ನುಗ್ಗಿದರೆ ಒಡ್ಡನ್ನೇ ಕೊಚ್ಚುತ್ತದೆ. ಅರ್ಧ ಎದ್ದ ಪ್ಲೇಟಿನ ಅಂಚಿನಲ್ಲಿ ಚರ್ಮ ಸುಡುವುದು ಹೀಗೆಯೇ. ಮಾಂಸಲ ಜಾಗ, ಒಣ ಚರ್ಮ, ಪೂರ್ತಿ ಅಂಟು. ಎಲುಬಿನ ಉಬ್ಬಿನ ಮೇಲೆ, ಹಳೆಯ ಗಾಯದ ಕಲೆಯ ಮೇಲೆ ಹಚ್ಚಬಾರದು. ‘ಮರಳು ಫಲಕ’ ಎಂದರೆ ಉಸುಕಿನ ನೆನಪಾಗುತ್ತದೆ. ‘ವಾಪಸು ಪ್ಲೇಟ್’ ಎಂದರೆ ನಮ್ಮ ಜಿಲ್ಲೆಯಲ್ಲಿ ವಿವರಣೆಯೇ ಬೇಡ. ಮೈಸೂರು, ಮಂಗಳೂರು ಕಡೆಯವರಿಗೆ ಒಪ್ಪಿಗೆಯೇ?

ಒಂದು ಪದ ಮಾತ್ರ ಹುಡುಕದೆ ಸಿಕ್ಕಿತು: ‘ಮಡುಗಟ್ಟು’. ಚರ್ಮಕ್ಕೆ ಹಚ್ಚಿದ ಸ್ಪಿರಿಟ್ ರೋಗಿಯ ಬೆನ್ನಡಿ ಮಡುಗಟ್ಟಿದ್ದರೆ ಕಾಟರಿಯ ಕಿಡಿಗೆ ಹೊತ್ತಿಕೊಳ್ಳುತ್ತದೆ. ಕನಿಷ್ಠ 3 ನಿಮಿಷ ಒಣಗಲು ಬಿಟ್ಟು, ಆಮೇಲೆ ಬಟ್ಟೆ ಹೊದಿಸಬೇಕು.

ಕೊನೆಯದಾಗಿ ಒಂದು ವಿಶೇಷ ಕೋರಿಕೆ. ಕುರಿಯ ತಲೆ, ಕಾಲು ಸುಡುವಾಗ ಏಳುವ ಹೊಗೆಗೆ ನಿಮ್ಮ ಮನೆಯಲ್ಲಿ, ಊರಿನಲ್ಲಿ ಪ್ರತ್ಯೇಕ ಹೆಸರಿದೆಯೇ? ಸುಡುವ ವಸ್ತು ಅದೇ ಆದ್ದರಿಂದ, ಇಳಕಲ್, ಮುಧೋಳ, ಇಂಡಿ, ಗೋಕಾಕ ಕಡೆಯ ಹಿರಿಯರ ಬಾಯಲ್ಲಿ ‘ಕಮರುಹೊಗೆ’ಗಿಂತ ಚಿಕ್ಕದಾದ, ಚೂಪಾದ ಪದ ಇದ್ದೀತು ಎಂದು ನನ್ನ ಊಹೆ. ಪದದ ಜೊತೆಗೆ ಊರಿನ ಹೆಸರನ್ನೂ, ಅದನ್ನು ಬಳಸುವ ಒಂದು ವಾಕ್ಯವನ್ನೂ ಬರೆದು ಕಳುಹಿಸಿ.